ಹಟ್ಟಿಕೇರಿಯ ಮನೆಗೆ ಚಿಪ್ಪಿನ ಸುಣ್ಣ

ಕರಾವಳಿಗೆ ರೈಲು ತರಲು ಗುಡ್ಡ ಕಡಿಯುತ್ತಿದ್ದ ದಿನಗಳವು. ಹಟ್ಟಿಕೇರಿಯಲ್ಲಿ ಬಸ್ಸಿಳಿದು ನಾನು ನೋಡಲು ಹೋದದ್ದು ಸರ್ಕಾರದ ರಕ್ಷಣೆಯಲ್ಲಿದ್ದ ಒಂದು ಹಳೆಯ ಹೆಂಚಿನ ಮನೆಯನ್ನು. ತೂತುತೂತಾದ ಕೆಂಪು ಚಿರೇಕಲ್ಲಿನ ಗೋಡೆ, ಒಂದು ಮೊಳೆಯೂ ಇಲ್ಲದೆ ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ ಹಲಸಿನ ಕಂಬಗಳು. ಆದರೆ ನನ್ನನ್ನು ನಿಲ್ಲಿಸಿದ್ದು ಜಗಲಿಯ ಗೋಡೆ. ಅದರ ಎಡಭಾಗ ನುಣುಪಾಗಿ ಹೊಳೆಯುತ್ತಿತ್ತು, ಬಲಭಾಗದ ಸಿಮೆಂಟು ಹಪ್ಪಳದಂತೆ ಎದ್ದಿತ್ತು.

ಕಾರಣ ಹೇಳಿದವರು ಅಲ್ಲಿ ಕೂಲಿಗಿದ್ದ, ಅಂಗಳದ ಕಟ್ಟೆಗೆಂದು ಒರಳಲ್ಲಿ ಸುಣ್ಣ ಕುಟ್ಟುತ್ತಿದ್ದ ದೇವಮ್ಮ. ಈ ಮನೆಗೆ ಗಾರೆ ಮಾಡುತ್ತಿದ್ದವರು ಅವರ ಅಜ್ಜಿ, ಆಮೇಲೆ ತಾಯಿ. ಹಿಂದಿನ ಬೇಸಿಗೆಯಲ್ಲಿ ದುರಸ್ತಿಗೆ ಬಂದ ಎಂಜಿನಿಯರು ಸಿಮೆಂಟು ಕಲಸಿಸಿದಾಗ, ಕೆಲಸ ಹೋದರೂ ಹೋಗಲಿ ಎಂದು ದೇವಮ್ಮ ಅಡ್ಡ ನಿಂತರಂತೆ.

"ಈ ಕಲ್ಲಿಗೆ ಅದು ಹಿಡೂದಿಲ್ರಾ ಅಂದೆ. ನಿಂಗೇನು ಗೊತ್ತು ಅಂದ್ರು. ಹಂಗಾರೆ ಅರ್ಧ ಗೋಡೆ ನಂಗೆ ಬಿಡಿ ಅಂದೆ."

ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ, ದಿನಗಟ್ಟಲೆ ಕುಟ್ಟಿ, ತಮ್ಮ ಅರ್ಧವನ್ನು ಮುಗಿಸಿದರು. ಆಮೇಲೆ ಮಳೆಗಾಲ ಬಂದು ಹೋಯಿತು.

ನಾವು ಮಾತಾಡುತ್ತಿದ್ದಾಗಲೇ ಆ ಎಂಜಿನಿಯರು ಬಂದರು. ಬಲಭಾಗವನ್ನು ತಟ್ಟಿ ನೋಡಿದರು. ಒಂದು ಚೂರು ಕಳಚಿ ಬಿತ್ತು.

"ದೇವಮ್ಮ, ಇದನ್ನೂ ನೀವೇ ಮಾಡಿಕೊಡಬೇಕು," ಎಂದು ನೋಟ್‌ಬುಕ್ ತೆಗೆದರು. "ಬೆಲ್ಲ ಎಷ್ಟು, ಸುಣ್ಣ ಎಷ್ಟು, ಹೇಳಿ."

ದೇವಮ್ಮ ನಕ್ಕರು. "ಬರಕಂಡ್ರೆ ಬರೂದಲ್ರಾ ಇದು. ತಕಣಿ, ಒನಕೆ ಹಿಡೀರಿ."

ಎಂಜಿನಿಯರು ನೋಟ್‌ಬುಕ್ಕನ್ನು ನನ್ನ ಕೈಗಿತ್ತು, ಅಂಗಿಯ ತೋಳು ಮಡಚಿ, ದೇವಮ್ಮನ ಎದುರು ನಿಂತು ಕುಟ್ಟತೊಡಗಿದರು.