ಒಂದು ಹೆಬ್ಬಾವಿನ ಮರಿ, ಇಬ್ಬರ ಹಣ

೧೧ ಮಾರ್ಚ್ ೨೦೦೬, ಶನಿವಾರ, ಬೆಳಿಗ್ಗೆ ಒಂಬತ್ತು ಹತ್ತು. ಬ್ಯಾಂಕಿನ ಪುಟದಲ್ಲಿ ಮುನ್ನೂರು ಡಾಲರ್ ಬಂದು ಕೂತಿದ್ದನ್ನು ನೋಡಿದ ಹೊತ್ತು ಅದು. ಡೈರಿಯಲ್ಲಿ ಗುರುತು ಮಾಡಿಕೊಂಡೆ. ಭಯ ಶುರುವಾದದ್ದು ಮಾರನೆಯ ದಿನ.

ಆಗ ನನಗೆ ಇಪ್ಪತ್ತೆರಡು. ಸಿಡ್ನಿಯಲ್ಲಿ ಅಣ್ಣನ ಮನೆಯಲ್ಲಿದ್ದು ಓದುತ್ತಿದ್ದೆ. ಅಣ್ಣ ಲೈಸೆನ್ಸ್ ಪಡೆದು ಹಿಂದಿನ ಕೋಣೆಯಲ್ಲಿ ಹೆಬ್ಬಾವುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದ. ಹಳದಿ ಕಪ್ಪು ಪಟ್ಟೆಯ ಮರಿಗಳು, ವಿಷವಿಲ್ಲದವು. "ಕಚ್ಚಿದ್ರೂ ಗುಂಡುಸೂಜಿ ತಾಗಿದ ಹಾಗೆ ಕಣೆ" ಎನ್ನುತ್ತಿದ್ದ. ಗುಂಡುಸೂಜಿ ನನ್ನನ್ನು ದಿಟ್ಟಿಸಿ ನೋಡಲ್ವಲ್ಲ ಎನ್ನುತ್ತಿದ್ದೆ ನಾನು. ಆ ಕೋಣೆಗೆ ಕಾಲಿಟ್ಟವಳಲ್ಲ. ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕುವುದು, ಮೇಲ್‌ಗಳಿಗೆ ಉತ್ತರಿಸುವುದು, ಲೆಕ್ಕ ಇಡುವುದು ನನ್ನ ಪಾಲು. ಆ ವರ್ಷ ಹದಿನಾಲ್ಕು ಮೊಟ್ಟೆ, ಹನ್ನೊಂದು ಮರಿ, ಹತ್ತು ಮಾರಾಟ.

ಉಳಿದ ಒಂದನ್ನು ಗಾಳಿಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಹಜಾರದ ಮೇಜಿನ ಮೇಲೆ ಬಿಟ್ಟು ಅಣ್ಣ ಮೂರು ವಾರಕ್ಕೆ ಬೆಂಗಳೂರಿಗೆ ಹೋದ. ಜಾಹೀರಾತಿನಲ್ಲಿ ಅವನ ನಿಯಮ ಸ್ಪಷ್ಟವಾಗಿತ್ತು: ಯಾರಿಗೂ ಕಾಯ್ದಿರಿಸುವುದಿಲ್ಲ, ಯಾರ ಹಣ ಮೊದಲು ನಮ್ಮ ಖಾತೆಗೆ ಬರುತ್ತದೋ ಮರಿ ಅವರದು. ಹಾವು ಸಾಕುವವರೆಲ್ಲ ಸೇರುವ ವೆಬ್‌ಸೈಟೊಂದಿತ್ತು. ಇವನು ಮಾತಿಗೆ ತಪ್ಪಿದ, ತನಗೆ ಬೇಕಾದವರಿಗೆ ಕೊಟ್ಟ ಎಂದು ಅಲ್ಲಿ ಒಬ್ಬರು ಬರೆದರೆ ಸಾಕು, ಮುಂದೆ ಯಾರೂ ಕೊಳ್ಳುತ್ತಿರಲಿಲ್ಲ. ಆರು ವರ್ಷ ಕಷ್ಟಪಟ್ಟು ಅಣ್ಣ ಸಂಪಾದಿಸಿದ್ದ ಹೆಸರನ್ನು ನಾನು ಮೂರು ವಾರ ಕೆಡದಂತೆ ನೋಡಿಕೊಳ್ಳಬೇಕಿತ್ತು.

ಶನಿವಾರ ಬಂದ ಹಣ ಸಿಡ್ನಿಯವನೇ ಒಬ್ಬನದು. ನಮ್ಮ ಬ್ಯಾಂಕಿನಲ್ಲೇ ಅವನ ಖಾತೆ, ಕಳಿಸಿದ ಕೂಡಲೇ ಬಂದಿತ್ತು. ಭಾನುವಾರ ಹನ್ನೊಂದಕ್ಕೆ ಬನ್ನಿ ಎಂದು ಅವನಿಗೆ ಬರೆದೆ. ಆಮೇಲೆ ನೋಡಿದರೆ ಹಿಂದಿನ ರಾತ್ರಿಯ ಇನ್ನೊಂದು ಮೇಲ್. ಮೆಲ್ಬರ್ನ್‌ನ ಕ್ರೇಗಿಬರ್ನ್‌ನವರು, ಶುಕ್ರವಾರ ರಾತ್ರಿ ಒಂಬತ್ತು ನಲವತ್ತಕ್ಕೆ ಹಣ ಹಾಕಿದ್ದಾಗಿ ರಸೀದಿಯನ್ನೇ ಕಳಿಸಿದ್ದರು. ಅವರದು ಬೇರೆ ಬ್ಯಾಂಕು. ಆಗೆಲ್ಲ ಶುಕ್ರವಾರ ರಾತ್ರಿ ಹೊರಟ ಹಣ ವಾರಾಂತ್ಯ ಕಳೆದ ಮೇಲೆಯೇ ತಲುಪುತ್ತಿದ್ದುದು. ಕ್ಷಮಿಸಿ, ಮರಿ ಹೋಯಿತು, ನಿಮ್ಮ ಹಣ ಬಂದ ದಿನವೇ ಹಿಂದಿರುಗಿಸುತ್ತೇನೆ ಎಂದು ಬರೆದೆ. ಫೋನ್ ನಂಬರ್ ಇರಲಿಲ್ಲ.

ಭಾನುವಾರ ಒಂಬತ್ತೂ ಮುಕ್ಕಾಲಿಗೆ ಬಾಗಿಲು ಬಡಿದ ಸದ್ದು. ಪರದೆ ಸರಿಸಿ ನೋಡಿದೆ. ಗುರುತಿಲ್ಲದ ಗಂಡಸು, ಕೈಯಲ್ಲಿ ಥರ್ಮೋಕೋಲ್ ಪೆಟ್ಟಿಗೆ, ಹಿಂದೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ನಂಬರಿನ ಕಾರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಾವು ಒಯ್ಯಲು ಪರ್ಮಿಟ್ ಬೇಕು. ಅದಕ್ಕೆಂದು ಅಣ್ಣ ಇವರಿಗೆ ಎಂದೋ ವಿಳಾಸ ಕೊಟ್ಟಿದ್ದ. ನಾನು ಮನೆಯಲ್ಲಿ ಒಬ್ಬಳೇ. ಬಾಗಿಲ ಹಿಂದೆ ಕೂತು ಬೆಂಗಳೂರಿಗೆ ಫೋನ್ ಮಾಡಿದೆ.

"ಅಣ್ಣಾ, ಆ ಮೆಲ್ಬರ್ನ್‌ನವ್ರು ಬಂದ್ಬಿಟ್ಟಿದಾರೆ! ಏನ್ ಮಾಡ್ಲಿ?"

ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. "ಯಾರ ದುಡ್ಡು ಮೊದ್ಲು ಬಂತೋ ಅವರಿಗೆ. ಇದರಲ್ಲಿ ಕೇಳೋದೇನಿದೆ?" ಎಂದು ಇಟ್ಟೇಬಿಟ್ಟ.

ಬಾಗಿಲ ಆಚೆಯಿಂದ ಕನ್ನಡ ಕೇಳಿಸಿತು. "ಹಲೋ, ನೀವು ಕನ್ನಡದವರಾ ಮಾರಾಯ್ರೆ? ಹೆದರ್ಬೇಡಿ, ನಾನು ಮಂಗ್ಳೂರಿನವ."

ಅಲ್ಲಿ ನನ್ನ ಲೆಕ್ಕ ತಪ್ಪಿತು. ಕನ್ನಡ ಕೇಳಿದ್ದೇ "ಒಳಗೆ ಬನ್ನಿ ಅಂಕಲ್" ಎಂದುಬಿಟ್ಟೆ. ರಾತ್ರಿಯಿಡೀ ಕಾರು ಓಡಿಸಿ ಬಂದವರನ್ನು ಹಾಗೇ ನಿಲ್ಲಿಸಲಾರದೆ ಕಾಫಿ ಕೊಟ್ಟೆ. ಕಾಫಿ ಕೊಟ್ಟ ಮೇಲೆ ಮರಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೆಲ್ಬರ್ನ್‌ನಲ್ಲಿ ಸೋಮವಾರವೂ ರಜೆ, ಶನಿವಾರ ಸಂಜೆ ಕೆಲಸ ಮುಗಿದದ್ದೇ ಹೊರಟರಂತೆ. ನನ್ನ ಮೇಲ್ ಅವರು ನೋಡಿರಲಿಲ್ಲ. ಪರ್ಮಿಟ್ಟಿಗೆಂದು ಮೂರು ವಾರ ಕಾದಿದ್ದರು. ಗಡಿಯಾರ ಹತ್ತೂವರೆ ದಾಟಿದಾಗ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ಎಂತ ಮಾರಾಯ್ತಿ ಇದು? ಶುಕ್ರವಾರ ಹಣ ಹಾಕಿದ್ದು ನಾನು. ಬ್ಯಾಂಕ್ ನಿದ್ದೆ ಮಾಡಿದ್ರೆ ಅದು ನನ್ನ ತಪ್ಪಾ?"

"ನಿಯಮ ಹಾಗಿದೆ, ಅಂಕಲ್."

"ನಿಯಮ ಇರ್ಲಿ. ನ್ಯಾಯ ಯಾವುದು, ಅದು ಹೇಳು."

ಅಷ್ಟರಲ್ಲಿ ಶನಿವಾರ ಹಣ ಹಾಕಿದ್ದ ಸಿಡ್ನಿಯವನು ಬಂದ.

ಬಾಗಿಲು ತುಂಬುವಷ್ಟು ಎತ್ತರದ ಬಿಳಿಯ ಯುವಕ, ತೋಳಿನ ತುಂಬ ಹಚ್ಚೆ. ಹಾವಿನ ಡಬ್ಬ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲಿ ನನ್ನಂಥದೇ ಬಣ್ಣದ ಒಬ್ಬರು ಕಾಫಿ ಮುಂದಿಟ್ಟುಕೊಂಡು ಕೂತಿದ್ದರು. ತನಗೆ ತಿಳಿಯದ ಭಾಷೆಯಲ್ಲಿ ನಾವು ಮಾತಾಡುತ್ತಿದ್ದುದು ಅವನಿಗೆ ಕೇಳಿಸಿತ್ತು. "ಓಹೋ, ಆಗಲೇ ನಿಮ್ಮವರಿಗೆ ಕೊಟ್ಟಾಯಿತಾ?" ಎಂದ ಇಂಗ್ಲಿಷಿನಲ್ಲಿ. ಹಿಂದಿನ ಡಿಸೆಂಬರ್‌ನಲ್ಲಿ ಸಿಡ್ನಿಯ ಕಡಲತೀರದಲ್ಲಿ ಮೈಬಣ್ಣ ನೋಡಿ ಜನರನ್ನು ಹೊಡೆದ ಗಲಾಟೆಯಾಗಿತ್ತು. ಆಮೇಲೆ ನಾನು ಟ್ರೇನಿನಲ್ಲಿ ಯಾರನ್ನೂ ಮುಖವೆತ್ತಿ ನೋಡುತ್ತಿರಲಿಲ್ಲ.

"ಇಲ್ಲ, ಇದು ನಿಮ್ಮದೇ" ಎಂದೆ. ನಿಯಮಕ್ಕಾಗಿ ಹೇಳಿದೆನೋ, ಅವನಿಗೆ ಹೆದರಿ ಹೇಳಿದೆನೋ, ಆಗಲೂ ತಿಳಿಯಲಿಲ್ಲ.

ಯುವಕ ಮುಂದೆ ಬಂದು ಮುಚ್ಚಳ ತೆಗೆದು ಕೈಹಾಕಿದ. ಮರಿ ಛಂಗನೆ ಎಗರಿತು. ಅವನು ಕೈ ಎಳೆದುಕೊಂಡು ಗೋಡೆಗೆ ಬಡಿದುಕೊಂಡ. ನಾನು ಕುರ್ಚಿ ಹತ್ತಿದ್ದೆ.

"ಎಂತದು! ಇವನೂ ನಿನ್ನ ಹಾಗೇ!" ಎಂದರು ಅಂಕಲ್, ನಗು ತಡೆಯಲಾರದೆ. ಆಮೇಲೆ ಅವನನ್ನು ಇಂಗ್ಲಿಷಿನಲ್ಲಿ ಕೇಳಿದರು: "ಇದು ಮೊದಲನೆಯದಾ?"

ಅವನು ಹೌದೆಂದು ತಲೆಯಾಡಿಸಿದ.

ಅಂಕಲ್ ಎದ್ದು ಮರಿಯನ್ನು ಕೆಳಗಿನಿಂದ ಕೈಕೊಟ್ಟು ಎತ್ತಿದರು. ಅದು ಅವರ ಬೆರಳುಗಳಿಗೆ ಸುತ್ತಿಕೊಂಡಿತು. ಹೀಗೆ ಹಿಡಿ, ತಲೆಯ ಮೇಲಿನಿಂದ ಕೈ ತರಬೇಡ, ಹೊಸ ಜಾಗದಲ್ಲಿ ಒಂದು ವಾರ ಮುಟ್ಟಬೇಡ ಎಂದು ಹೇಳುತ್ತಾ ಹೋದರು. ಅವನು ತಾನು ತಂದಿದ್ದ ಬಟ್ಟೆಯ ಚೀಲ ಅಗಲಿಸಿ ಹಿಡಿದ. ಅವರು ಒಂದೊಂದೇ ಬೆರಳು ಬಿಡಿಸಿಕೊಂಡು ಮರಿಯನ್ನು ಒಳಗಿಳಿಸಿ ಚೀಲದ ಬಾಯಿ ಕಟ್ಟಿಕೊಟ್ಟರು. ಅವನು ಥ್ಯಾಂಕ್ಸ್ ಎಂದ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಅಂಕಲ್ ಖಾಲಿ ಪೆಟ್ಟಿಗೆ ಎತ್ತಿಕೊಂಡರು. ಊಟ ಮಾಡಿಕೊಂಡು ಹೋಗಿ ಎಂದೆ. "ಬೇಡ. ದಾರಿಯಲ್ಲಿ ಸ್ವಲ್ಪ ಮಲಗ್ತೇನೆ" ಎಂದರು. ಹಣ ಮಂಗಳವಾರ ಬಂತು. ಅಂದೇ ಹಿಂದಿರುಗಿಸಿದೆ. ಅವರಿಂದ ಮತ್ತೆ ಮೇಲ್ ಬರಲಿಲ್ಲ. ವೆಬ್‌ಸೈಟಿನಲ್ಲಿ ಇಬ್ಬರಲ್ಲಿ ಯಾರೂ ಒಂದು ಸಾಲೂ ಬರೆಯಲಿಲ್ಲ. ತಿಂಗಳುಗಟ್ಟಲೆ ದಿನಕ್ಕೆರಡು ಬಾರಿ ಅಲ್ಲಿ ಹುಡುಕುತ್ತಿದ್ದೆ. ಅಣ್ಣ ಬಂದವನು ಸರಿಯಾಗೇ ಮಾಡಿದ್ದೀಯ ಎಂದ. ಆ ಮಾತಿನಿಂದ ಹೆದರಿಕೆ ಕಡಿಮೆಯಾಗಲಿಲ್ಲ.

ಆ ವರ್ಷಗಳಲ್ಲಿ ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಹೀಗೆ ಮಾರಿದವರು, ಕೊಂಡವರು ಇದನ್ನು ಓದುತ್ತಿದ್ದರೆ, ಶುಕ್ರವಾರ ರಾತ್ರಿ ಹೊರಟ ಹಣವನ್ನು ನೀವು ಯಾವ ದಿನದ್ದೆಂದು ಎಣಿಸುತ್ತಿದ್ದಿರಿ? ಯಾರಾದರೂ ಇದಕ್ಕಿಂತ ನ್ಯಾಯವಾದ ದಾರಿ ಕಂಡುಕೊಂಡಿದ್ದರೆ ದಯವಿಟ್ಟು ನನಗೆ ಬರೆಯಿರಿ. ಕ್ರೇಗಿಬರ್ನ್‌ನ ಆ ಅಂಕಲ್‌ಗೆ ಆಮೇಲೆ ಮರಿ ಸಿಕ್ಕಿತೇ ಎಂಬುದು ಗೊತ್ತಿದ್ದವರಂತೂ ತಪ್ಪದೆ ಬರೆಯಿರಿ.