ಅಳುವ ಮುಖವನ್ನು ಒತ್ತುತ್ತಿದ್ದ ಅಕ್ಕ

ಕೋತಗಿರಿ ಸುತ್ತಲಿನ ಹಟ್ಟಿಗಳ ಹೆಂಗಸರ ಫೋನಿಗೆ ಮನಸ್ಸಿನ ಆರೋಗ್ಯದ ಆ್ಯಪ್ ಹಾಕಿಕೊಡುವುದು, ಯಾರು ಎಷ್ಟು ಸಲ ತೆರೆದರು ಎಂದು ವಾರವಾರ ವರದಿ ಕೊಡುವುದು ನನ್ನ ಕೆಲಸವಾಗಿತ್ತು.

ಒಂದು ದಿನ ಊಟಿಯ ಕಚೇರಿಯಲ್ಲಿ ಮೇಲಧಿಕಾರಿ ಗೋಡೆಯ ಮೇಲೆ ಚಾರ್ಟ್ ತೋರಿಸಿದರು. ಉಳಿದ ಗೆರೆಗಳೆಲ್ಲ ನೆಲಕ್ಕಂಟಿದ್ದವು. ಒಂದು ಮಾತ್ರ ನೆಟ್ಟಗೆ ಮೇಲೇರಿತ್ತು.

"ಈಕೆ ದಿನಕ್ಕೆ ಹತ್ತಿಪ್ಪತ್ತು ಸಲ ತೆರೆಯುತ್ತಾರೆ. ಇಂಥವರು ಬೇಕು ನಮಗೆ. ಹೋಗಿ ಮಾತಾಡಿಸಿ, ಒಂದು ಫೋಟೋ ತನ್ನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮಾರನೆಯ ದಿನ ಬಸ್ಸಿಳಿದು ಅವರ ಮನೆಗೆ ಹೋದೆ. ಐವತ್ತು ದಾಟಿದ ಹೆಂಗಸು. ಮನೆಯ ಹಿಂದೆ ಒಂದಿಷ್ಟು ಟೀ ತೋಟ; ಎಲೆ ಕೊಯ್ಯದೆ ಬಲಿತುಹೋಗಿತ್ತು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಆ್ಯಪಿನ ಕಡೆಯವಳು ಎಂದದ್ದೇ ತಡ, ನನ್ನ ಕೈ ಹಿಡಿದುಕೊಂಡರು.

"ಕಡೆಗೂ ಬಂದೆಯಾ ತಂಗಿ! ಎಷ್ಟು ದಿನದಿಂದ ಹೇಳ್ತಾ ಇದ್ದೇನೆ."

"ಯಾರಿಗೆ ಅಕ್ಕಾ?"

ಫೋನ್ ತೆಗೆದು ತೋರಿಸಿದರು. ಇವತ್ತು ಹೇಗಿದ್ದೀರಿ ಎಂಬ ಪ್ರಶ್ನೆ ತಮಿಳಿನಲ್ಲಿತ್ತು, ಕೆಳಗೆ ಐದು ಮುಖಗಳು. ಅಕ್ಕ ಅಳುವ ಮುಖವನ್ನು ಒತ್ತಿದರು. ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದು ಪರದೆಯ ಮೇಲೆ ಒಂದು ಹೂ ಅರಳಿತು.

"ಇದನ್ನ ಅಲ್ಲಿ ಯಾರೋ ನೋಡ್ತಾರೆ ಅಂದುಕೊಂಡೆ. ನೋಡಿಲ್ಲವೇನೋ ಅಂತ ಮತ್ತೆ ಮತ್ತೆ ಒತ್ತಿದೆ." ಫೋನನ್ನು ಪಕ್ಕಕ್ಕಿಟ್ಟು ಹೇಳಿದರು, "ಬದುಕೋದೇ ಬೇಡ ಅನ್ನಿಸಿಬಿಟ್ಟಿದೆ."

ನೋಡುತ್ತಿದ್ದವಳು ನಾನೇ. ಆದರೆ ನನ್ನ ಹಾಳೆಗೆ ಬರುತ್ತಿದ್ದದ್ದು ಎಷ್ಟು ಸಲ ಎಂಬುದು ಮಾತ್ರ. ಯಾವ ಮುಖ ಎನ್ನುವುದಕ್ಕೆ ಕಾಲಮ್ಮೇ ಇರಲಿಲ್ಲ. ಅದನ್ನು ಒಂದು ಸಲವಾದರೂ ಕೇಳದ ನನ್ನ ಮೇಲೂ ನನಗೆ ಸಿಟ್ಟು ಬಂತು.

ಅಂದೇ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಒಳಗೆ ಮಾತಾಡಿಸುತ್ತಿದ್ದಾಗ ಹೊರಗಿನಿಂದ ಮೇಲಧಿಕಾರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ನೋಡಿದಿರಾ, ಆ್ಯಪ್ ಇದ್ದದ್ದಕ್ಕೇ ಗೊತ್ತಾಯಿತು," ಎಂದರು. "ಇದನ್ನೇ ಬರೆಯಿರಿ. ಫೋಟೋ ತೆಗೆದಿರಾ?"

"ನಿಮಗೆ ನಾಚಿಕೆ ಆಗಲ್ವಾ ಸಾರ್?" ಎಂದು ಕಿರುಚಿದೆ. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅಳುವ ಮುಖ ಒತ್ತಿದವರಿಗೆ ಅಂದೇ ಯಾರಾದರೂ ಫೋನ್ ಮಾಡಬೇಕು ಎಂದು ವರದಿಯಲ್ಲಿ ಬರೆದೆ. ಆ ಸಾಲನ್ನು ಮೇಲಧಿಕಾರಿ ಕಿತ್ತುಹಾಕಿದರು. ಚಿಕಿತ್ಸೆ ಶುರುವಾದ ಮೇಲೆ ಅಕ್ಕ ಆ್ಯಪ್ ತೆರೆಯುವುದನ್ನು ಬಿಟ್ಟರು; ಮುಂದಿನ ವರದಿಯಲ್ಲಿ ಅವರ ಹೆಸರಿನ ಮುಂದೆ ಕಚೇರಿಯವರು 'ಆಸಕ್ತಿ ಕುಂದಿದೆ' ಎಂದು ಸೇರಿಸಿದ್ದರು. ಆ ವಾರವೇ ಕೆಲಸ ಬಿಟ್ಟೆ.

ಈಗ ಅವರ ತಂಗಿ ಬಂದು ಜೊತೆಗಿದ್ದಾರೆ. ಮಾತ್ರೆ ನಡೆಯುತ್ತಿದೆ, ನಿದ್ದೆ ಬರುತ್ತಿದೆ. ನಾನು ಹೋದರೆ ಅಕ್ಕ ಊಟ ಹಾಕದೆ ಕಳಿಸುವುದಿಲ್ಲ. ಅವರ ಮುಂದೆ ಕೂತು ಉಣ್ಣುವಾಗಲೂ ನನ್ನ ಸಿಟ್ಟು ಇಳಿದಿಲ್ಲ.