ಹುಚ್ಚರಾಯಪ್ಪನಿಗೆ ಕಾಣದ ಕೆಂಪು ಬಟ್ಟೆ

ಬಳ್ಳಿಗಾವಿಯ ಆಚೆಗಿನ ಊರಲ್ಲಿ ಹುಚ್ಚರಾಯಪ್ಪ ಎಂದರೆ ಕುರಿ, ಕುರಿ ಎಂದರೆ ಹುಚ್ಚರಾಯಪ್ಪ. ಮೆಕ್ಕೆಜೋಳದ ಕೊಯ್ಲು ಮುಗಿದರೆ ಸಾಕು, ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿ ತರುಬಿಸಲು ರೈತರು ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ಅವನಿಗೂ ಎರಡೆಕರೆ ಹೊಲವಿತ್ತು, ಆದರೆ ಅದನ್ನು ನೋಡಿಕೊಳ್ಳುತ್ತಿದ್ದವಳು ಹೆಂಡತಿ ವರದಮ್ಮ. ಒಬ್ಬಳೇ ಮಗಳು ಸುಮಾಳನ್ನು ಸೊರಬದ ಕಡೆಯ ಕುಪ್ಪಗಡ್ಡೆಗೆ ಕೊಟ್ಟಿದ್ದರು. ಐವತ್ತು ದಾಟಿದ್ದರೂ ಬಿಸಿಲಲ್ಲಿ ದಿನವಿಡೀ ನಡೆಯುವ ಗಟ್ಟಿ ಆಳು ಅವನು. ಒಂದು ಮಾತ್ರೆಯನ್ನೂ ನುಂಗಿದವನಲ್ಲ.

ಮಾತ್ರೆ ನುಂಗದೇ ಇದ್ದುದಕ್ಕೆ ಕಾರಣವಿತ್ತು. ಅವನ ತಾಯಿಗೆ ಕಾಲ ಹೆಬ್ಬೆರಳಲ್ಲಿ ಒಂದು ಗಾಯ ಮಾಯದೆ ಉಳಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರಕ್ತ ನೋಡಿ ಶುಗರ್ ಎಂದರು. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ತನಕ ಕಾಲು ತೆಗೆದರು. ಆ ಮಳೆಗಾಲ ಮುಗಿಯುವುದರೊಳಗೆ ಮುದುಕಿ ಹೋದಳು. ಗಾಯ ಕೊಳೆಯುವ ತನಕ ಮನೆಯಲ್ಲೇ ಸೊಪ್ಪು ಅರೆದು ಕಟ್ಟಿದ್ದು ಹುಚ್ಚರಾಯಪ್ಪನಿಗೆ ನೆನಪಿನಲ್ಲಿ ಉಳಿಯಲಿಲ್ಲ. ಆ ಕಾಯಿಲೆಗೆ ಹೆಸರಿಟ್ಟ ದಿನದಿಂದಲೇ ಅವ್ವ ಸಾಯಲು ಶುರು ಮಾಡಿದಳು ಎಂಬುದಷ್ಟೇ ಉಳಿಯಿತು.

ಹಾಗಾಗಿ ತನಗೆ ಬಾಯಾರಿಕೆ ಹೆಚ್ಚಾದಾಗ ಅವನು ಬಿಸಿಲನ್ನು ಬೈದ. ಪದೇಪದೇ ಮೂತ್ರಕ್ಕೆ ಏಳುವಂತಾದಾಗ ವಯಸ್ಸನ್ನು ಬೈದ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಬಡಕಲಾದಾಗ ವರದಮ್ಮ, "ಯಾಕ್ರೀ ಹಿಂಗ ಇಳ್ಕಂತ ಹೊಂಟೀರಿ?" ಎಂದು ಕೇಳಿದಳು. "ಕುರಿ ಹಿಂದ ಓಡಾಡಿದ್ರ ದಪ್ಪ ಆಗ್ತಾರೇನು?" ಎಂದು ನಕ್ಕುಬಿಟ್ಟ.

ಕಣ್ಣಿನ ವಿಷಯವನ್ನಂತೂ ಅವಳಿಗೂ ಹೇಳಲಿಲ್ಲ. ದೂರದಲ್ಲಿ ಮೇಯುವ ಕುರಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದ್ದವು. ಎದುರಿಗೆ ಬಂದವರನ್ನು ದನಿಯಿಂದ ಗುರುತಿಸಿ, ಮೊದಲೇ ಕಂಡವನಂತೆ ಮಾತಾಡಿಸುತ್ತಿದ್ದ. ಶಿರಾಳಕೊಪ್ಪದ ಸಂತೆಯಲ್ಲಿ ತಳ್ಳುಗಾಡಿಯವನ ಹತ್ತಿರ ಒಂದು ಕನ್ನಡಕ ಕೊಂಡ. ಒಂದು ವಾರ ಚೆನ್ನಾಗಿ ಕಂಡಿತು, ಆಮೇಲೆ ಮತ್ತೆ ಮಂಜು. ಇನ್ನೊಂದು ಕೊಂಡ. ಕೆಲವು ದಿನ ಕನ್ನಡಕವಿಲ್ಲದೆಯೂ ಸರಿಯಾಗಿ ಕಾಣುತ್ತಿತ್ತು. ಅಂಥ ದಿನಗಳಲ್ಲಿ ಅವನಿಗೆ ಎಲ್ಲಿಲ್ಲದ ಸಂತೋಷ. ಕಣ್ಣು ತಾನಾಗಿಯೇ ವಾಸಿಯಾಗುತ್ತಿದೆ ಎಂದುಕೊಳ್ಳುತ್ತಿದ್ದ.

ಸುಮಾ ಬಸುರಿಯಾಗಿ ತವರಿಗೆ ಬಂದಳು. ಬಸುರಿನಲ್ಲಿ ಅವಳಿಗೆ ಸಕ್ಕರೆ ಅಂಶ ಏರಿತ್ತು. ಸೊರಬದ ಡಾಕ್ಟರಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದಾಗ ಅಜ್ಜಿಗಿತ್ತು ಎಂದಿದ್ದಳು. ತವರಿಗೆ ಬಂದ ಎರಡೇ ದಿನಕ್ಕೆ ಅಪ್ಪ ಚೊಂಬುಗಟ್ಟಲೆ ನೀರು ಕುಡಿಯುವುದು ಅವಳ ಕಣ್ಣಿಗೆ ಬಿತ್ತು.

"ಅಪ್ಪ, ನನ್ ಜೊತೆ ಒಂದ್ಸಲ ಆಸ್ಪತ್ರೆಗೆ ಬಾ. ಬೆರಳಿಗೆ ಸೂಜಿ ಚುಚ್ತಾರೆ ಅಷ್ಟೆ."

"ನನಗೇನಾಗೈತಿ?"

"ಏನೂ ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ. ಅಜ್ಜಿಗಿತ್ತು, ನಿನಗೂ ಬರಬಹುದು ಅಂತ ಡಾಕ್ಟ್ರಮ್ಮ ಹೇಳಿದ್ರು. ಕಣ್ಣು, ಕಿಡ್ನಿ ಎಲ್ಲಾ ಹೋಗ್ತವಂತೆ ಅಪ್ಪ."

ಕಣ್ಣಿನ ವಿಷಯ ಹೇಳಿಬಿಡಲು ಅದೇ ಹೊತ್ತಾಗಿತ್ತು. ಅವನು ಮಗಳ ಹೊಟ್ಟೆಯ ಕಡೆ ನೋಡಿದ. "ಮೊದಲು ಕೂಸು ಬರ್ಲಿ. ಆಮೇಲೆ ನೀ ಹೇಳಿದಲ್ಲಿಗೆ ಬರ್ತೀನಿ" ಎಂದು ಎದ್ದುಹೋದ.

ಕೂಸು ಬಂತು, ಹೆಣ್ಣು. ಹೆರಿಗೆಯಾದ ಮೇಲೆ ಸುಮಾಳ ಸಕ್ಕರೆ ಇಳಿಯಿತು. ಆದರೂ ಮುಂದೆ ಬರುವ ಸಂಭವ ಹೆಚ್ಚು, ವರ್ಷ ವರ್ಷ ನೋಡಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು. ಬಾಣಂತಿಗೆ ನೀರು ಹಾಕುವುದು, ಕೂಸಿನ ಹೊಟ್ಟೆನೋವು, ಇವುಗಳ ನಡುವೆ ಅಪ್ಪ ಕೊಟ್ಟ ಮಾತು ಹಿಂದೆ ಬಿತ್ತು. ಅವನಂತೂ ನೆನಪಿಸಲಿಲ್ಲ.

ಒಂದು ಬೆಳಗ್ಗೆ ಕೆರೆಯ ಕೆಳಗಿನ ಹೊಲಗಳ ಕಡೆ ಮಂದೆ ಹೊಡೆದುಕೊಂಡು ಹೋದ. ಕಣ್ಣೆದುರು ಕಪ್ಪು ಎಳೆಗಳು ತೇಲುತ್ತಿದ್ದವು. ಕೈಯಿಂದ ಸರಿಸಿದರೂ ಹೋಗಲಿಲ್ಲ. ಬದುವಿನ ಮೇಲೆ ಹಸಿರು ಹುಲ್ಲಿತ್ತು. ಕುರಿಗಳು ತಾವಾಗಿಯೇ ಏರಿದವು. ಅವು ಹೊಟ್ಟೆ ತುಂಬ ಹುಲ್ಲು ಮೇಯುತ್ತಿವೆ ಎಂದು ಅವನಿಗೆ ಖುಷಿಯೇ ಆಯಿತು. ಕಂಬಳಿ ಹಾಸಿ ಕುಳಿತ.

ಸ್ವಲ್ಪ ಹೊತ್ತಿಗೆ ಒಂದು ಮರಿ ವಿಚಿತ್ರವಾಗಿ ಒದರಿತು. ಎದ್ದು ದನಿ ಬಂದ ಕಡೆಗೆ ಓಡಿದ. ಕಾಲಿಗೆ ಮೆತ್ತಗೆ ಏನೋ ಸಿಕ್ಕಿ ಬಿದ್ದ. ಅದು ದೊಡ್ಡ ಹೆಣ್ಣುಕುರಿ, ಬಾಯಲ್ಲಿ ನೊರೆ, ಕಾಲು ಸೆಟೆದು ಒದ್ದಾಡುತ್ತಿತ್ತು. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಅವನು ಗಟ್ಟಿಯಾಗಿ ಕೂಗಿಕೊಂಡ. ಪಕ್ಕದ ಹೊಲದಲ್ಲಿದ್ದ ಮಹೇಶ್ವರಪ್ಪ ಓಡಿಬಂದ. ಕುರಿಗಳು ಮೇಯುತ್ತಿದ್ದ ಹೊಲವೂ ಅವನದೇ.

"ಅಯ್ಯೋ, ನಿನ್ನೆ ಸಂಜಿಗೆ ಹುಳದ ಔಷಧಿ ಹೊಡೆದೀನಲ್ಲೋ ಮಾರಾಯ! ಕುರಿ ಬಿಡಬಾರ್ದು ಅಂತ ಇಷ್ಟುದ್ದ ಕೆಂಪು ಬಟ್ಟಿ ಕಟ್ಟೀನಿ, ಕಾಣ್ಲಿಲ್ಲೇನು?"

"ಎಲ್ಲೈತಿ?"

ಮಹೇಶ್ವರಪ್ಪ ಸಿಟ್ಟಿನಿಂದ ಅವನ ಮುಖ ನೋಡಿದ. ಹುಚ್ಚರಾಯಪ್ಪ ನಿಜವಾಗಿಯೇ ಹುಡುಕುತ್ತಿದ್ದ, ಬಟ್ಟೆ ಹಾರಾಡುತ್ತಿದ್ದ ಕೋಲಿನ ಪಕ್ಕದಲ್ಲೇ ನಿಂತು. ಮಹೇಶ್ವರಪ್ಪನ ಸಿಟ್ಟು ಇಳಿದುಹೋಯಿತು. ಅವನ ಕೈ ಹಿಡಿದು ಬಟ್ಟೆಯ ಮೇಲಿಟ್ಟ.

"ಯಾವಾಗಿಂದ ಹಿಂಗ?"

ಹುಚ್ಚರಾಯಪ್ಪ ಬಟ್ಟೆ ಹಿಡಿದುಕೊಂಡೇ ಬದುವಿನ ಮೇಲೆ ಕುಸಿದ. "ಮನ್ಯಾಗ ಹೇಳಬ್ಯಾಡ" ಎಂದ. ಇನ್ನೂ ಹೇಳಬೇಡ ಎನ್ನುತ್ತಿದ್ದಾನಲ್ಲ ಎಂದು ಮಹೇಶ್ವರಪ್ಪನಿಗೆ ಅಳು ಬಂತು.

ಪಶು ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಕೆಲವನ್ನು ಉಳಿಸಿದರು. ಅರ್ಧಕ್ಕಿಂತ ಹೆಚ್ಚು ಸತ್ತವು. ಔಷಧಿ ತಿಂದವು ಎಂದು ಯಾರೂ ಮುಟ್ಟಲಿಲ್ಲ. ಜೆಸಿಬಿ ತರಿಸಿ ಗುಂಡಿ ತೋಡಿ ಎಲ್ಲವನ್ನೂ ಒಟ್ಟಿಗೆ ಮುಚ್ಚಿದರು. ಹುಚ್ಚರಾಯಪ್ಪ ಪ್ರತಿಯೊಂದರ ಮುಖವನ್ನೂ ಕೈಯಿಂದ ಸವರಿ, ಇದು ಯಾವುದು ಎಂದು ತಿಳಿದುಕೊಂಡು ಗುಂಡಿಗೆ ಬಿಟ್ಟ. ಅದನ್ನು ನೋಡುತ್ತ ನಿಂತ ವರದಮ್ಮನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಸುಮಾ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದೊಯ್ದಳು. ಕಣ್ಣಿಗೆ ಹನಿ ಬಿಟ್ಟು, ದೀಪ ಹಿಡಿದು ಬಹಳ ಹೊತ್ತು ನೋಡಿದ ಡಾಕ್ಟರು ಮೆಲ್ಲಗೆ ಹೇಳಿದರು. ವರ್ಷಗಳಿಂದ ಏರಿದ್ದ ಸಕ್ಕರೆ ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳನ್ನು ಹಾಳು ಮಾಡಿದೆ, ಒಳಗೆ ರಕ್ತ ಸೋರಿದೆ. ಬಲಗಣ್ಣಿನ ದೃಷ್ಟಿ ಮರಳಿ ಬರುವುದಿಲ್ಲ. ಎಡಗಣ್ಣಿಗೆ ಲೇಸರ್ ಮಾಡಿದರೆ ಈಗಿರುವಷ್ಟು ಉಳಿಯಬಹುದು.

"ಕನ್ನಡಕ ಬದಲಿಸಿದಾಗಲೇ ಬಂದಿದ್ರೆ?" ಎಂದು ಕೇಳಿದವನು ಹುಚ್ಚರಾಯಪ್ಪನೇ.

ಡಾಕ್ಟರು ದೀಪ ಕೆಳಗಿಟ್ಟರು. "ಬಂದಿದ್ರೆ ಉಳಿಸ್ಬಹುದಿತ್ತು ಯಜಮಾನ್ರೇ."

ಉಳಿದ ಕುರಿಗಳನ್ನು ಸಣ್ಣಬೀರಪ್ಪ ಎಂಬ ನೆಂಟರವನಿಗೆ ಕೊಟ್ಟರು. ಅವನು ಹೊಡೆದುಕೊಂಡು ಹೋಗಲು ಬಂದ ದಿನ ಹುಚ್ಚರಾಯಪ್ಪ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕುರಿಗಳು ಹೊಸಬನ ಕೂಗಿಗೆ ಅಲುಗಲಿಲ್ಲ. ಮನೆಯ ಮುಂದೆಯೇ ಸುತ್ತು ಹಾಕುತ್ತ ಒದರಿದವು. ಕೊನೆಗೆ ಸಣ್ಣಬೀರಪ್ಪ ಬಾಗಿಲಿಗೆ ಬಂದು, "ಮಾವ, ನೀನ ಒಂಚೂರು ಬಾ" ಎಂದ. ಹುಚ್ಚರಾಯಪ್ಪ ಎದ್ದ. ವರದಮ್ಮನ ಹೆಗಲು ಹಿಡಿದು ಊರ ಹೊರಗಿನ ತನಕ ಕೂಗುತ್ತ ಮುಂದೆ ನಡೆದ. ತನ್ನ ಕುರಿಗಳನ್ನು ತಾನೇ ಕರೆದು ಬಿಟ್ಟುಕೊಟ್ಟು ಬಂದ.

ಆಮೇಲಿನ ವರ್ಷ ಸುಮಾ ಸೊರಬದಲ್ಲಿ ಪರೀಕ್ಷೆ ಮಾಡಿಸಿಕೊಂಡಳು. ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಇನ್ನೂ ಕಾಯಿಲೆಯಲ್ಲ, ನಡೆದಾಡಿ ಊಟ ಹಿಡಿತದಲ್ಲಿಟ್ಟರೆ ತಡೆಯಬಹುದು ಎಂದಿದ್ದರು. ಅಪ್ಪನಿಗೆ ಹೇಳಬಾರದು ಎಂದುಕೊಂಡಿದ್ದವಳು, ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಕಂಡಿದ್ದರಿಂದ ಬಂದು ಹೇಳಿಯೇಬಿಟ್ಟಳು.

ಕುರಿ ಸತ್ತಾಗ, ಕಣ್ಣು ಹೋಯಿತು ಎಂದಾಗ ಅಳದಿದ್ದ ಹುಚ್ಚರಾಯಪ್ಪ ಅವತ್ತು ಚಿಕ್ಕ ಮಕ್ಕಳಂತೆ ಅತ್ತ. "ನಮ್ಮವ್ವ ನನಗ ಕೊಟ್ಲು, ನಾ ನಿನಗ ಕೊಟ್ನಲ್ಲೇ ತಾಯಿ" ಎಂದ.

"ಅಪ್ಪ, ನನಗಿನ್ನೂ ಬಂದಿಲ್ಲ. ನಾನು ಮೊದ್ಲೇ ನೋಡಿಸ್ಕೊಂಡಿದೀನಿ."

"ನೀ ಹೇಳಿದಾಗ ನಾನೂ ಬಂದಿದ್ರ..."

ಸುಮಾ ಅವನ ಕೈ ಹಿಡಿದಳು.

ಈಗ ವರದಮ್ಮ ಬೆಳಗ್ಗೆ ಸಂಜೆ ಅವನ ಹೊಟ್ಟೆಗೆ ಇನ್ಸುಲಿನ್ ಚುಚ್ಚುತ್ತಾಳೆ. ಅವನು ಬೇಡ ಎನ್ನುವುದಿಲ್ಲ. ಸುಮಾ ತವರಿಗೆ ಬಂದಾಗಲೆಲ್ಲ, ನಡೆದಾಡಿದೆಯಾ, ನೋಡಿಸಿಕೊಂಡೆಯಾ ಎಂದು ಪೀಡಿಸುತ್ತಾನೆ.

ಮೊನ್ನೆ ಬಂದಾಗ ಮೊಮ್ಮಗಳು ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಜಗಲಿಗೆ ಹೋದಳು. ಇನ್ನೂ ಮಾತು ಬರದ ಮಗು. ತನ್ನ ಕೈಯಲ್ಲಿದ್ದ ಅರ್ಧ ತಿಂದ ಬಾಳೆಹಣ್ಣನ್ನು ಅಜ್ಜನ ಬಲಗಣ್ಣಿನ ಕಡೆ ನಿಂತು ಚಾಚಿದಳು. ಹುಚ್ಚರಾಯಪ್ಪ ಬೀದಿಯ ಕಡೆ ಮುಖ ಮಾಡಿ ಕುಳಿತೇ ಇದ್ದ. ಮಗು ಕೈಯನ್ನು ಇನ್ನಷ್ಟು ಮುಂದೆ ಮಾಡಿತು, ಕಾಯಿತು, ಆಮೇಲೆ ಹಣ್ಣನ್ನು ಹಿಂದಕ್ಕೆ ತೆಗೆದುಕೊಂಡು ಅಂಗಳಕ್ಕೆ ಇಳಿದುಹೋಯಿತು.

ಬಾಗಿಲಲ್ಲಿದ್ದ ವರದಮ್ಮ ತಡೆಯಲಾರದೆ, "ಕೂಸು ಹಣ್ಣು ಕೊಡಾಕ ಬಂದಿತ್ರೀ" ಎಂದಳು.

ಅವನು ಗಾಬರಿಯಿಂದ ಬಲಕ್ಕೆ ತಿರುಗಿ ಎರಡೂ ಕೈ ಚಾಚಿದ.